ಗೈಡ್‌ಗೆ ತೋರಿಸುವ ಮುಂಚೆ: ಥೀಸಿಸ್ ಬರೆದು ಮುಗಿಸಿದ ನನ್ನ ಅನುಭವ

ಥೀಸಿಸ್ ಬರೆಯುವುದನ್ನು ತಪ್ಪಿಸಿಕೊಳ್ಳಲು ನಾನು ಪಟ್ಟಷ್ಟು ಶ್ರಮ ಬೇರೆ ಯಾವುದಕ್ಕೂ ಪಟ್ಟಿಲ್ಲ. ರೆಫರೆನ್ಸ್ ಪಟ್ಟಿಯನ್ನು ಅಕ್ಷರ ಕ್ರಮಕ್ಕೆ ಜೋಡಿಸುವುದು, ಟೇಬಲ್ಲಿನ ಗೆರೆಗಳನ್ನು ಒಮ್ಮೆ ದಪ್ಪ ಮಾಡಿ ಒಮ್ಮೆ ಸಣ್ಣ ಮಾಡುವುದು, ಸಾಲುಗಳ ನಡುವೆ ಎಷ್ಟು ಜಾಗ ಬಿಡಬೇಕು ಅಂತ ಸೀನಿಯರ್‌ಗಳಿಗೆ ಫೋನ್ ಹಚ್ಚುವುದು, ಇನ್ನೊಂದೇ ಒಂದು ಪೇಪರ್ ಓದಿಬಿಟ್ಟರೆ ಲಿಟರೇಚರ್ ರಿವ್ಯೂ (ಹಿಂದಿನವರ ಸಂಶೋಧನೆಯ ಅವಲೋಕನ) ಗಟ್ಟಿಯಾಗುತ್ತದೆ ಅಂದುಕೊಂಡು ಮತ್ತೆ ಡೌನ್‌ಲೋಡ್‌ಗೆ ಕೂರುವುದು. ನೋಡಿದವರು ‘ಪಾಪ, ಎಷ್ಟು ಓದ್ತಾಳೆ’ ಅನ್ನುತ್ತಿದ್ದರು. ಚಾಪ್ಟರ್‌ನ ಫೈಲ್ ತೆರೆದರೆ ಮಾತ್ರ ಎದೆ ಡವಡವ. ಮೊದಲ ಸಾಲು ಟೈಪ್ ಮಾಡುವುದು, ಅಳಿಸುವುದು, ಎದ್ದು ಹೋಗಿ ಕಾಫಿ ಮಾಡಿಕೊಂಡು ಬರುವುದು, ಬಂದು ಅದೇ ಸಾಲನ್ನು ಮತ್ತೆ ಟೈಪ್ ಮಾಡುವುದು.

ನನ್ನದು ಸಮಾಜಶಾಸ್ತ್ರ. ಪೀಣ್ಯದ ಸುತ್ತಮುತ್ತ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ದುಡ್ಡನ್ನು ಹೇಗೆ ಉಳಿಸುತ್ತಾರೆ, ಎಲ್ಲಿ ಇಡುತ್ತಾರೆ, ಯಾವಾಗ ಮುರಿಯುತ್ತಾರೆ ಅನ್ನುವುದು ನನ್ನ ವಿಷಯ. ಬಿ.ಎ. ತನಕ ಓದಿದ್ದು ತಿಪಟೂರಿನಲ್ಲಿ, ಕನ್ನಡ ಮಾಧ್ಯಮ. ಥೀಸಿಸ್ ಬರೆಯಬೇಕಿದ್ದದ್ದು ಬೆಂಗಳೂರಿನಲ್ಲಿ, ಇಂಗ್ಲಿಷಿನಲ್ಲಿ, ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಿಕೊಂಡೇ. ಈಗ ಪಿಎಚ್‌ಡಿಗೆ ಸೇರಿರುವ ಹುಡುಗ ಹುಡುಗಿಯರು ಬಂದು, ‘ಮೇಡಂ, ಬರೆಯೋಕೆ ಕೂತ್ರೆ ಕೈಯೇ ಓಡಲ್ಲ, ನೀವು ಹೇಗೆ ಮುಗಿಸಿದ್ರಿ’ ಅಂತ ಕೇಳುತ್ತಾರೆ. ನಾನು ಏನೇನು ಮಾಡಿದೆ ಅನ್ನುವುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಲ್ಯಾಬಿನಲ್ಲಿ ಕೆಲಸ ಮಾಡುವವರ ಕಷ್ಟ ಬೇರೆ, ಅವರಿಗೆ ಇದರಲ್ಲಿ ಅರ್ಧ ಉಪಯೋಗಕ್ಕೆ ಬಂದರೆ ಹೆಚ್ಚು.

ಮೊದಲು ಭಯ ಎಲ್ಲಿದೆ ಅಂತ ಹುಡುಕಿದೆ. ‘ನನಗೆ ಬರೆಯೋಕೆ ಬರಲ್ಲ’ ಅಂತ ಎಲ್ಲರ ಹತ್ತಿರ ಹೇಳಿಕೊಂಡು ಓಡಾಡುತ್ತಿದ್ದೆ. ಆದರೆ ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆಯ ಗಲ್ಲಿಗಳಲ್ಲಿ ಓಡಾಡಿ ಬಂದ ಸಂಜೆ ಫೀಲ್ಡ್ ಡೈರಿಯಲ್ಲಿ ಪುಟಗಟ್ಟಲೆ ಬರೆಯುತ್ತಿದ್ದೆ. ಅಲ್ಲಿನ ಹೆಂಗಸರಿಗೆ ಪಿಎಫ್ ಕಚೇರಿಗೆ ಅರ್ಜಿ ಬರೆದುಕೊಡುವಾಗ ಪೆನ್ನು ನಿಲ್ಲುತ್ತಲೇ ಇರಲಿಲ್ಲ. ಕ್ಲಾಸಿಗೆ ನೋಟ್ಸ್ ತಯಾರಿಸುವಾಗಲೂ ಅಷ್ಟೇ. ಕೈ ಕಟ್ಟುತ್ತಿದ್ದದ್ದು ಒಂದೇ ಕಡೆ, ಗೈಡ್ ಮೇಡಂ ಓದುವ ಫೈಲಿನಲ್ಲಿ. ಅವರೇನು ಗದರುವವರಲ್ಲ. ಆದರೂ ಒಂದೊಂದು ವಾಕ್ಯ ಬರೆಯುವಾಗಲೂ ಅವರು ನನ್ನ ಹೆಗಲ ಹಿಂದೆ ನಿಂತಿದ್ದಾರೆ ಅನ್ನಿಸುತ್ತಿತ್ತು. ಅವರ ಹಿಂದೆ ಆರ್‌ಎಸಿ, ಅಂದರೆ ಸಂಶೋಧನೆಯ ಪ್ರಗತಿ ನೋಡುವ ಸಲಹಾ ಸಮಿತಿ, ಅದರ ಹಿಂದೆ ಮುಖ ಕಾಣದ ಎಕ್ಸ್‌ಟರ್ನಲ್ ಎಕ್ಸಾಮಿನರ್.

ಆಮೇಲೆ ಓದಿದಾಗ ಗೊತ್ತಾಯಿತು, ಇದು ನನ್ನೊಬ್ಬಳ ಕಥೆ ಅಲ್ಲ. ಅಮೆರಿಕದಲ್ಲಿ ಜಾನ್ ಡೇಲಿ ಮತ್ತು ಮೈಕೆಲ್ ಮಿಲ್ಲರ್ ಎಂಬ ಇಬ್ಬರು 1975ರಲ್ಲೇ ಬರವಣಿಗೆಯ ಅಳುಕನ್ನು ಅಳೆಯುವುದಕ್ಕೆ 26 ಹೇಳಿಕೆಗಳ ಒಂದು ಪ್ರಶ್ನಾವಳಿ ಮಾಡಿದ್ದರು. ಅದರಲ್ಲಿ ಬರೆಯುವ ಕಷ್ಟದ ಬಗ್ಗೆ ಇರುವಂತೆಯೇ, ಬರೆದದ್ದನ್ನು ಇನ್ನೊಬ್ಬರು ನೋಡಿ ಬೆಲೆ ಕಟ್ಟುತ್ತಾರಲ್ಲ ಅನ್ನುವ ಭಯದ ಬಗ್ಗೆಯೂ ಹೇಳಿಕೆಗಳಿವೆ. ಅವನ್ನು ಓದುವಾಗ ನನ್ನದು ಯಾವ ಕಡೆಯ ಭಯ ಅಂತ ಅನುಮಾನವೇ ಉಳಿಯಲಿಲ್ಲ. ಹಾಗಿದ್ದ ಮೇಲೆ ಇಂಗ್ಲಿಷ್ ಗ್ರಾಮರ್ ಪುಸ್ತಕ ಇಟ್ಟುಕೊಂಡು ಕೂರುವುದರಿಂದ ಏನೂ ಆಗುವುದಿಲ್ಲ. ತೋರಿಸುವ ಕ್ರಮವನ್ನೇ ಬದಲಿಸಬೇಕು.

ದಾರಿ ಸಿಕ್ಕಿದ್ದು ಮೈಸೂರು ರಸ್ತೆಯ ಟ್ರಾಫಿಕ್‌ನಲ್ಲಿ, ಬಿಎಂಟಿಸಿ ಬಸ್ಸಿನಲ್ಲಿ. ಪಕ್ಕದಲ್ಲಿ ಕನ್ನಡ ವಿಭಾಗದ ಗೆಳತಿ. ಬಸ್ಸು ಅಲ್ಲಾಡುವ ಲಕ್ಷಣವಿಲ್ಲ. ‘ಅದೇನೇ ನಿನ್ ಥೀಸಿಸ್ಸು, ಒಂದ್ಸಲ ನಂಗೂ ಅರ್ಥ ಆಗೋ ಹಂಗೆ ಹೇಳೇ’ ಅಂದಳು. ನಾನು ಶುರು ಮಾಡಿದೆ:

‘ನೋಡು, ಸರ್ಕಾರ ಪಿಎಫ್ ಅಂದ್ರೆ ಮುಪ್ಪಿಗೆ ಅಂತ ಇಟ್ಟಿದೆ. ಈ ಹೆಂಗಸರು ಐವತ್ತೆಂಟರ ತನಕ ಮಿಷನ್ ಮುಂದೆ ಕೂರೋಕಾಗುತ್ತಾ? ನಲವತ್ತಕ್ಕೇ ಸೊಂಟ, ಕಣ್ಣು ಎಲ್ಲಾ ಹೋಗಿರುತ್ತೆ. ಅವರ ಲೆಕ್ಕದಲ್ಲಿ ಪಿಎಫ್ ಅಂದ್ರೆ ಕೆಲಸ ಬಿಟ್ಟಾಗ ಕೈಗೆ ಬರೋ ಗಂಟು. ಮಗನ ಫೀಸು, ಮಗಳ ಮದುವೆ, ಊರಿನ ಮನೆಗೆ ತಾರಸಿ. ಕೆಲವರು ಆ ದುಡ್ಡಿಗೋಸ್ಕರನೇ ಕೆಲಸ ಬಿಟ್ಟು, ತಗೊಂಡು, ಪಕ್ಕದ ಫ್ಯಾಕ್ಟರಿಗೆ ಸೇರ್ಕೋತಾರೆ. ಚೀಟಿ ಎತ್ತಿದ ಹಾಗೇನೇ ಅದು ಅವರಿಗೆ. ಅದನ್ನ ಮುಟ್ಟೋ ಹಾಗಿಲ್ಲ ಅಂದಿದ್ದಕ್ಕೇ ಅಲ್ವಾ ರೋಡಿಗೆ ಬಂದಿದ್ದು?’

ಗೆಳತಿ ಕೇಳಿದಳು, ‘ಇದನ್ನ ಬರ್ದಿದೀಯಾ?’

ಬರೆದಿರಲಿಲ್ಲ. ಫೈಲಿನಲ್ಲಿ ಇದ್ದದ್ದು, ಜಾಗತೀಕರಣದ ನಂತರದ ಕಾಲಘಟ್ಟದಲ್ಲಿ ಮಹಿಳಾ ಕಾರ್ಮಿಕರ ಸಾಮಾಜಿಕ ಭದ್ರತೆಯು ಬಹುಚರ್ಚಿತ ವಿಷಯವಾಗಿದೆ ಎಂಬ ಅರ್ಥದ ಒಂದು ಇಂಗ್ಲಿಷ್ ವಾಕ್ಯ. ಆ ವಾಕ್ಯದಲ್ಲಿ ತಪ್ಪೇನೂ ಇಲ್ಲ, ಯಾರೂ ಜಗಳಕ್ಕೆ ಬರುವುದಿಲ್ಲ. ಅದಕ್ಕಾಗಿಯೇ ಬರೆದಿದ್ದೆ ಅನ್ನಿಸುತ್ತದೆ. ಆದರೆ ಅಂಥ ವಾಕ್ಯದ ಮುಂದೆ ಎರಡನೇ ವಾಕ್ಯ ಹುಟ್ಟುವುದಿಲ್ಲ. ಬಸ್ಸಿನಲ್ಲಿ ಆಡಿದ ಮಾತಿಗೆ ಮಾತ್ರ ಒಂದಾದ ಮೇಲೊಂದು ಕೊಂಡಿ ಇತ್ತು.

2016ರ ಘಟನೆ ಮರೆತವರಿಗೆ ಎರಡು ಮಾತು. ಆ ವರ್ಷ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತು. ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಅಂದಿತು. ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆಯಲ್ಲಿ, ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸ್‌ನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದು ಇಡೀ ಬೆಂಗಳೂರನ್ನು ನಿಲ್ಲಿಸಿಬಿಟ್ಟರು. 19ರಂದೇ ಸರ್ಕಾರ ಆದೇಶ ವಾಪಸು ತೆಗೆದುಕೊಂಡಿತು. ನನ್ನ ಥೀಸಿಸ್‌ನ ಮೂರನೇ ಚಾಪ್ಟರ್ ನಿಂತಿರುವುದೇ ಇದರ ಮೇಲೆ. ಅಷ್ಟು ದಿನ ಅದು ಪೀಠಿಕೆಯ ಕೊನೆಯಲ್ಲಿ ಒಂದು ಅಡಿಟಿಪ್ಪಣಿಯಾಗಿ ಬಿದ್ದಿತ್ತು.

ಅವತ್ತು ರಾತ್ರಿ ಬಸ್ಸಿನಲ್ಲಿ ಹೇಳಿದ್ದನ್ನೇ ಮತ್ತೊಮ್ಮೆ ಫೋನಿಗೆ ಹೇಳಿ ರೆಕಾರ್ಡ್ ಮಾಡಿ, ಅದೇ ಗೆಳತಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಅಲ್ಲಿಂದ ಮುಂದೆ ಪ್ರತಿ ಚಾಪ್ಟರೂ ಶುರುವಾದದ್ದು ಹೀಗೆ. ಒಬ್ಬಳೇ ಗೋಡೆ ನೋಡಿಕೊಂಡು ಮಾತಾಡಿದರೆ ಅದು ಬೇಗ ಭಾಷಣವಾಗಿಬಿಡುತ್ತದೆ, ‘ಕಾಲಘಟ್ಟ’ ವಾಪಸು ಬರುತ್ತದೆ. ಎದುರಿಗೆ ನಿಜವಾಗಿ ಒಬ್ಬರು ಬೇಕು, ವಿಷಯ ಗೊತ್ತಿಲ್ಲದವರಾಗಿರಬೇಕು, ನನ್ನನ್ನು ಅಳೆಯುವ ಅಧಿಕಾರ ಇಲ್ಲದವರಾಗಿರಬೇಕು. ತಂಗಿ ಆಗಬಹುದು, ರೂಮ್‌ಮೇಟ್ ಆಗಬಹುದು. ಗಂಡನ ಹತ್ತಿರ ಒಮ್ಮೆ ಪ್ರಯತ್ನಪಟ್ಟೆ. ಅವರು ನಡುವೆಯೇ ಪರಿಹಾರ ಹೇಳಲು ಶುರು ಮಾಡಿದರು, ಬಿಟ್ಟುಬಿಟ್ಟೆ.

ರೆಕಾರ್ಡ್ ಆದದ್ದನ್ನು ಕೇಳಿ ಬರೆದುಕೊಳ್ಳಲು ಶುರುವಿನಲ್ಲಿ ಬೇಜಾರಾಗುತ್ತಿತ್ತು. ಆಮೇಲೆ ಫೋನಿನ ಕನ್ನಡ ವಾಯ್ಸ್ ಟೈಪಿಂಗ್ ಹಚ್ಚಿದೆ. ಅದು ಹೆಗ್ಗನಹಳ್ಳಿಯನ್ನು ಏನೇನೋ ಮಾಡುತ್ತದೆ, ಪೂರ್ಣವಿರಾಮ ಹಾಕುವುದಿಲ್ಲ, ಗದ್ದಲ ಇದ್ದರಂತೂ ಕೈ ಎತ್ತುತ್ತದೆ. ಇರಲಿ. ಪರದೆಯ ಮೇಲೆ ಖಾಲಿ ಪುಟದ ಬದಲು ತಿದ್ದುವುದಕ್ಕೆ ಏನೋ ಒಂದು ಇರುತ್ತದಲ್ಲ, ನನಗೆ ಬೇಕಿದ್ದದ್ದು ಅಷ್ಟೇ. ತಿದ್ದುವ ಕೆಲಸಕ್ಕೆ ನಾನು ಯಾವತ್ತೂ ಹೆದರಿದವಳಲ್ಲ.

ಇದಕ್ಕಾಗಿ ಬೇರೆಯೇ ಒಂದು ಫೈಲ್ ಮಾಡಿದೆ, ಹೆಸರು ‘ಕಚ್ಚಾ’. ಗೈಡ್‌ಗೆ ಹೋಗುವ ಫೈಲ್ ಬೇರೆ. ಕಚ್ಚಾ ಫೈಲಿನಲ್ಲಿ ಕನ್ನಡ, ಇಂಗ್ಲಿಷ್ ಏನು ಬಂದರೆ ಅದು. ಉಲ್ಲೇಖ ಹುಡುಕಲು ಅಲ್ಲಿಂದ ಎದ್ದು ಹೋಗುವಂತಿಲ್ಲ. ‘ಇಲ್ಲಿ ಯಾರೋ ಇದನ್ನೇ ಹೇಳಿದ್ದಾರೆ, ಹೆಸರು ಆಮೇಲೆ’, ‘ಇಲ್ಲಿ ಆ ಸುಂಕದಕಟ್ಟೆ ಅಜ್ಜಿಯ ಮಾತು ಹಾಕು’, ‘ಇದು ಸರಿ ಅನ್ನಿಸ್ತಿಲ್ಲ, ಆದ್ರೂ ಇರ್ಲಿ’ ಅಂತ ನನಗೆ ನಾನೇ ಬರೆದುಕೊಂಡು ಮುಂದೆ ಹೋಗುವುದು. ಆ ಫೈಲನ್ನು ಈಗ ತೆರೆದರೆ ನಗು ಬರುತ್ತದೆ. ಒಂದು ಕಡೆ ಅರ್ಧ ಪುಟ ಪೂರ್ತಿ ಸಿಟ್ಟಿನಲ್ಲಿ ಬರೆದಿದ್ದೇನೆ, ಒಬ್ಬ ಸೂಪರ್‌ವೈಸರ್ ಬಗ್ಗೆ. ಥೀಸಿಸ್‌ಗೆ ಅದರಲ್ಲಿ ಒಂದು ಪದವೂ ಹೋಗಲಿಲ್ಲ. ಅದನ್ನು ಬರೆಯದಿದ್ದರೆ ಮುಂದಿನ ಪುಟವೂ ಹೊರಗೆ ಬರುತ್ತಿರಲಿಲ್ಲ.

ಇಂಗ್ಲಿಷಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನನ್ನ ಹತ್ತಿರ ಬರುವವರಲ್ಲಿ ಬಹುಪಾಲು ಜನರ ಗಂಟಲು ನಿಜವಾಗಿ ಕಟ್ಟುವುದು ಇಲ್ಲೇ. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷಿನಲ್ಲಿ ಬರೆಯುವಾಗ ಏನು ಮಾಡುತ್ತೇವೆ ಅಂದರೆ, ಓದಿದ ಪೇಪರ್‌ಗಳಿಂದ ‘ಚೆನ್ನಾಗಿರುವ’ ವಾಕ್ಯಗಳನ್ನು ಎತ್ತಿಕೊಂಡು, ಅಲ್ಲೊಂದು ಇಲ್ಲೊಂದು ಪದ ಬದಲಿಸಿ ಜೋಡಿಸುತ್ತೇವೆ. ಕದಿಯುವ ಉದ್ದೇಶ ಇರುವುದಿಲ್ಲ, ನಮ್ಮ ಇಂಗ್ಲಿಷಿನ ಮೇಲೆ ನಮಗೆ ನಂಬಿಕೆ ಇರುವುದಿಲ್ಲ ಅಷ್ಟೇ. ಆದರೆ ಹಾಗೆ ಬರೆದ ಮೇಲೆ ಇನ್ನೊಂದು ಭಯ ಬಂದು ಕೂರುತ್ತದೆ: ಸಿಮಿಲಾರಿಟಿ ರಿಪೋರ್ಟ್, ಅಂದರೆ ನಾವು ಬರೆದದ್ದು ಬೇರೆಯವರ ಬರಹವನ್ನು ಎಷ್ಟು ಹೋಲುತ್ತದೆ ಅಂತ ಸಾಫ್ಟ್‌ವೇರ್ ಕೊಡುವ ಲೆಕ್ಕ.

ಈ ರಿಪೋರ್ಟಿನ ಬಗ್ಗೆ ಕ್ಯಾಂಪಸ್‌ಗಳಲ್ಲಿ ಹಬ್ಬುವ ಕಥೆಗಳಿಗೆ ಲೆಕ್ಕವಿಲ್ಲ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2018ರಲ್ಲಿ ತಂದ ನಿಯಮವನ್ನು ಒಮ್ಮೆ ತಾಳ್ಮೆಯಿಂದ ಓದಿದರೆ ಅರ್ಧ ಭಯ ಇಳಿಯುತ್ತದೆ. ಶೇಕಡಾ 10ರ ತನಕ ಸಾಮ್ಯ ಇದ್ದರೆ ಯಾವ ಶಿಕ್ಷೆಯೂ ಇಲ್ಲ. 10ರಿಂದ 40ರ ತನಕ ಬಂದರೆ ತಿದ್ದಿ, ಗರಿಷ್ಠ ಆರು ತಿಂಗಳ ಒಳಗೆ ನಿಗದಿಪಡಿಸಿದ ಅವಧಿಯಲ್ಲಿ ಮತ್ತೆ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಉದ್ಧರಣ ಚಿಹ್ನೆಯೊಳಗೆ ಸರಿಯಾಗಿ ಹೆಸರು ಹೇಳಿ ಕೊಟ್ಟ ಮಾತು, ರೆಫರೆನ್ಸ್ ಪಟ್ಟಿ, ಪರಿವಿಡಿ, ಕೃತಜ್ಞತೆ ಇವು ಲೆಕ್ಕಕ್ಕೆ ಬರುವುದಿಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿ, ಆಕಸ್ಮಿಕವಾಗಿ ಹೊಂದಿಕೆಯಾಗುವ ಪದಗಳು ಸತತ 14 ಪದಗಳ ತನಕ ಇದ್ದರೂ ಬಿಡುತ್ತಾರೆ. ಅಂದರೆ ಪಿಎಫ್ ಕಾಯ್ದೆಯ ಉದ್ದುದ್ದ ಹೆಸರು ನಾಲ್ಕು ಕಡೆ ಬಂತು ಅಂತ ಯಾರೂ ನಿಮ್ಮನ್ನು ಹಿಡಿಯುವುದಿಲ್ಲ.

ಬಾಯಲ್ಲಿ ಹೇಳಿ, ಕನ್ನಡದಲ್ಲಿ ಇಳಿಸಿಕೊಂಡು, ಆಮೇಲೆ ಇಂಗ್ಲಿಷಿಗೆ ತರುವ ನನ್ನ ಕ್ರಮದಿಂದ ಈ ಸಮಸ್ಯೆ ತನ್ನಷ್ಟಕ್ಕೆ ಕರಗಿತು. ಇನ್ನೊಬ್ಬರ ವಾಕ್ಯ ಎದುರಿಗೇ ಇಲ್ಲದಿದ್ದರೆ ಎತ್ತಿಕೊಳ್ಳುವುದು ಎಲ್ಲಿಂದ? ನನ್ನ ಇಂಗ್ಲಿಷ್ ಸಣ್ಣ ಸಣ್ಣ ವಾಕ್ಯಗಳದ್ದಾಯಿತು. ಹೆಂಗಸರು ಹೀಗೆ ಹೇಳಿದರು, ನಾನು ಹೀಗೆ ಎಣಿಸಿದೆ, ಇದರಿಂದ ಹೀಗೆ ಅನ್ನಿಸುತ್ತದೆ. ಮೊದಲು ನಾಚಿಕೆಯಾಯಿತು, ಹೈಸ್ಕೂಲ್ ಇಂಗ್ಲಿಷ್ ತರಹ ಇದೆಯಲ್ಲ ಅಂತ. ಗೈಡ್ ಮೇಡಂ ಮಾತ್ರ ಆ ಪುಟಗಳಲ್ಲಿ ಭಾಷೆಯ ಬಗ್ಗೆ ಏನೂ ಹೇಳಲಿಲ್ಲ. ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ‘ಎಷ್ಟು ಜನ ಹೇಳಿದರು? ಎಲ್ಲರೂ ಹೇಳಿದರಾ?’ ಅಂತ ಬರೆದಿದ್ದರು. ಅದು ಉತ್ತರ ಕೊಡಬಹುದಾದ ಪ್ರಶ್ನೆ. ಹಳೆಯ ಡ್ರಾಫ್ಟ್‌ಗಳ ಮೇಲೆ ಅವರು ‘ಅಸ್ಪಷ್ಟ’ ಅಂತ ಬರೆಯುತ್ತಿದ್ದರು, ಅದಕ್ಕೆ ಏನು ಉತ್ತರ ಕೊಡೋಣ?

ಈಗಿನವರು ಚಾಟ್‌ಜಿಪಿಟಿ ಬಗ್ಗೆ ಕೇಳುತ್ತಾರೆ. ನಾನು ಬರೆಯುವಾಗ ಅದು ಇರಲಿಲ್ಲ. ವ್ಯಾಕರಣ ನೋಡಿಕೊಳ್ಳಲು ಬಳಸಿದರೆ ನನ್ನ ತಕರಾರಿಲ್ಲ, ನಿಮ್ಮ ವಿಶ್ವವಿದ್ಯಾಲಯ ಏನು ಹೇಳುತ್ತದೆ ಅಂತ ಮೊದಲು ವಿಚಾರಿಸಿಕೊಳ್ಳಿ. ಚಾಪ್ಟರನ್ನೇ ಅದರಿಂದ ಬರೆಸಿದ ಒಬ್ಬ ಹುಡುಗನನ್ನು ನೋಡಿದ್ದೇನೆ. ಬರೆಯುವ ಭಯ ಹೋಯಿತು, ಅದರ ಜಾಗಕ್ಕೆ ವೈವಾ, ಅಂದರೆ ಮೌಖಿಕ ಪರೀಕ್ಷೆಯ ಭಯ ಬಂತು. ತನ್ನ ಚಾಪ್ಟರನ್ನು ತಾನೇ ಪರೀಕ್ಷೆಗೆ ಓದುವ ಹಾಗೆ ಬಾಯಿಪಾಠ ಮಾಡುತ್ತಿದ್ದ.

ಇನ್ನು ಶನಿವಾರದ ಗುಂಪು. ಕಬ್ಬನ್ ಪಾರ್ಕಿನೊಳಗೆ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಕಟ್ಟಡ ಇದೆಯಲ್ಲ, ರಾಜ್ಯ ಕೇಂದ್ರ ಗ್ರಂಥಾಲಯ, ಅಲ್ಲಿ ಸೇರುತ್ತಿದ್ದೆವು. ನಾನು, ಬಸ್ಸಿನ ಗೆಳತಿ, ಕಲಬುರಗಿ ಕಡೆಯ ಒಬ್ಬ ಇತಿಹಾಸದ ಹುಡುಗ, ಆಗಾಗ ಬಂದು ಹೋಗುವ ಅರ್ಥಶಾಸ್ತ್ರದ ಒಬ್ಬರು. ಒಳಗೆ ಮಾತಾಡುವಂತಿಲ್ಲ, ಆದ್ದರಿಂದ ಒಳಗೆ ಬರೆಯುವುದು, ಹೊರಗೆ ಬಂದು ಮರದ ಕೆಳಗೆ ಬೆಂಚಿನ ಮೇಲೆ ಓದುವುದು. ಬೇರೆ ಬೇರೆ ವಿಭಾಗದವರು ಆಗಿದ್ದದ್ದೇ ಒಳ್ಳೆಯದಾಯಿತು. ಒಂದೇ ವಿಭಾಗದವರಾದರೆ ಯಾರ ಥೀಸಿಸ್ ಎಲ್ಲಿಗೆ ಬಂತು, ಯಾರ ಮೇಲೆ ಯಾರ ಗೈಡ್‌ಗೆ ಸಿಟ್ಟು ಅನ್ನುವ ಪಂಚಾಯಿತಿಯಲ್ಲೇ ಶನಿವಾರ ಮುಗಿಯುತ್ತದೆ.

ನಿಯಮ ಒಂದೇ. ಬರೆದವರು ಒಂದು ಪುಟವನ್ನು ಗಟ್ಟಿಯಾಗಿ ಓದಬೇಕು, ಕೇಳಿದವರು ತಮಗೆ ಏನು ತಿಳಿಯಿತು ಅಂತ ಮಾತ್ರ ಹೇಳಬೇಕು. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವ ಹಾಗಿಲ್ಲ. ತಿದ್ದುವ ಹಾಗೂ ಇಲ್ಲ. ಇದನ್ನು ಪಾಲಿಸುವುದು ಹೇಳಿದಷ್ಟು ಸುಲಭವಲ್ಲ, ಓದಿದವರ ಮುಖ ನೋಡಿದರೆ ‘ಚೆನ್ನಾಗಿದೆ’ ಅಂತ ಬಾಯಿಗೆ ಬಂದೇ ಬರುತ್ತದೆ. ಒಂದು ಸಲ ನಾನು ಮೆಥಡಾಲಜಿಯ, ಅಂದರೆ ಮಾಹಿತಿ ಕಲೆಹಾಕಿದ ವಿಧಾನದ, ಪುಟ ಓದಿ ಮುಗಿಸಿದಾಗ ಆ ಇತಿಹಾಸದ ಹುಡುಗ ಸುಮ್ಮನೆ ನೋಡುತ್ತಾ ಕೂತ. ಆಮೇಲೆ, ‘ಖರೇನ ಹೇಳ್ತೀನ್ರಿ ಅಕ್ಕಾರ, ಒಂದೂ ತಿಳೀಲಿಲ್ಲ. ನೀವು ಆ ಹೆಣ್ಮಕ್ಕಳನ್ನ ಎಲ್ಲಿ ಹಿಡದ್ರಿ? ಫ್ಯಾಕ್ಟರ್‍ಯಾಗೋ, ಮನ್ಯಾಗೋ?’ ಅಂದ. ಮನೆಯಲ್ಲಿ, ಭಾನುವಾರ, ನೀರು ಬಿಡುವ ಹೊತ್ತು ಬಿಟ್ಟು, ಅಂದೆ. ಫ್ಯಾಕ್ಟರಿ ಗೇಟಿನ ಹತ್ತಿರ ಮಾತಾಡಿಸಿದರೆ ಅವರಿಗೆ ತೊಂದರೆಯಾಗುತ್ತದೆ, ಪಾಳಿ ಬಿಟ್ಟ ಮೇಲೆ ಬಸ್ಸು ಹಿಡಿಯುವ ಅವಸರ, ಶನಿವಾರ ಸಂಜೆ ಬಟಾವಡೆ ಆದರೆ ಸಂತೆ. ಭಾನುವಾರ ಬೆಳಿಗ್ಗೆ ನಲ್ಲಿ ನೀರು ಹಿಡಿದು ಮುಗಿಸಿ ಬಟ್ಟೆ ಒಗೆಯಲು ಕೂತಾಗ ಮಾತ್ರ ಮಾತಿಗೆ ಸಿಗುತ್ತಾರೆ. ‘ಅದನ್ನ ಬರೀರಿ ಮತ್ತ’ ಅಂದ. ಮೆಥಡಾಲಜಿ ಚಾಪ್ಟರಿನಲ್ಲಿ ಎಕ್ಸಾಮಿನರ್ ಮೆಚ್ಚಿ ಬರೆದದ್ದು ಆ ಪ್ಯಾರಾವನ್ನೇ.

ಈ ಗುಂಪು ಕೆಲಸ ಮಾಡಿದ್ದು ಯಾಕೆ ಅಂತ ನನಗನ್ನಿಸುವುದು ಹೀಗೆ. ಗೈಡ್‌ಗೆ ಹೋಗುವ ಹೊತ್ತಿಗೆ ಆ ಪುಟವನ್ನು ಆಗಲೇ ಒಬ್ಬರಿಗೆ ಹೇಳಿ, ಇಬ್ಬರು ಮೂವರ ಮುಂದೆ ಓದಿ ಆಗಿರುತ್ತಿತ್ತು. ಯಾರೂ ನಕ್ಕಿರಲಿಲ್ಲ. ತೋರಿಸುವ ಭಯ ಒಂದೇ ಸಲ ಒಂದೇ ವ್ಯಕ್ತಿಯ ಮೇಲೆ ಬೀಳುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು.

ಕೊನೆಯ ಮೆಟ್ಟಿಲು ಗೈಡ್. ಅವರ ಜೊತೆಗಿನ ವ್ಯವಹಾರದಲ್ಲಿ ಎರಡು ಬದಲಾವಣೆ ಮಾಡಿಕೊಂಡೆ. ಪೂರ್ತಿ ಚಾಪ್ಟರ್ ಕೊಟ್ಟು ತಿಂಗಳುಗಟ್ಟಲೆ ಕಾಯುವುದನ್ನು ನಿಲ್ಲಿಸಿ, ಎರಡು ಪುಟ ಕೊಡಲು ಶುರು ಮಾಡಿದೆ. ಮೇಲೆ ಒಂದೇ ಪ್ರಶ್ನೆ: ‘ಮೇಡಂ, ಚೀಟಿ ಮತ್ತು ಪಿಎಫ್ ಎರಡನ್ನೂ ಒಂದೇ ಕಡೆ ಚರ್ಚಿಸಬಹುದಾ, ಬೇರೆ ಮಾಡಬೇಕಾ?’ ಇಷ್ಟಕ್ಕೆ ಅವರು ಕಾರಿಡಾರಿನಲ್ಲಿ ನಿಂತೇ ಉತ್ತರ ಕೊಟ್ಟುಬಿಡುತ್ತಿದ್ದರು. ಇನ್ನೊಂದು, ಅವರ ಮೌನಕ್ಕೆ ಅರ್ಥ ಕಟ್ಟುವುದನ್ನು ಬಿಟ್ಟೆ. ಮೇಲ್‌ಗೆ ಉತ್ತರ ಬರದಿದ್ದರೆ ‘ಓದಿ ಬೇಸರಪಟ್ಟಿರಬೇಕು’ ಅಂತ ನಿದ್ದೆಗೆಡುತ್ತಿದ್ದೆ. ಯುಜಿಸಿ ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ ಎಂಟು ಜನ, ಅಸೋಸಿಯೇಟ್ ಪ್ರೊಫೆಸರ್ ಆರು, ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕು ಜನ ಪಿಎಚ್‌ಡಿ ವಿದ್ಯಾರ್ಥಿಗಳನ್ನು ಏಕಕಾಲಕ್ಕೆ ಇಟ್ಟುಕೊಳ್ಳಬಹುದು. ಅದರ ಮೇಲೆ ಎಂ.ಎ. ಪಾಠ, ವ್ಯಾಲ್ಯುಯೇಷನ್, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನ ಫೈಲುಗಳು. ನನ್ನ ಚಾಪ್ಟರ್ ಅವರ ಚೀಲದಲ್ಲಿ ತೆರೆಯದೇ ಇತ್ತು, ಅಷ್ಟೇ. ಈಗ ನಾನೂ ಉತ್ತರಪತ್ರಿಕೆಗಳ ಕಟ್ಟಿನ ಮುಂದೆ ಕೂರುವಾಗ ಅದು ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಹಾಗಂತ ಎಲ್ಲ ಗೈಡ್‌ಗಳ ಮೌನವೂ ಕೆಲಸದ ಒತ್ತಡದ್ದೇ ಅಂತ ನಾನು ಹೇಳಲಾರೆ. ಮನೆಯ ಕೆಲಸ ಮಾಡಿಸುವವರು, ಸಹಿ ಹಾಕಲು ಓಡಾಡಿಸುವವರು, ಎಲ್ಲರ ಮುಂದೆ ಅವಮಾನ ಮಾಡುವವರು ಇದ್ದಾರೆ. ಅಲ್ಲಿ ನನ್ನ ಈ ಉಪಾಯಗಳು ನಡೆಯುವುದಿಲ್ಲ. ವಿಭಾಗದ ಮುಖ್ಯಸ್ಥರ ಹತ್ತಿರ, ಆರ್‌ಎಸಿಯ ಇತರ ಸದಸ್ಯರ ಹತ್ತಿರ ಬರಹದಲ್ಲಿ ಹೋಗಬೇಕು. ಆರ್‌ಎಸಿ ಮುಂದೆ ಪ್ರತಿ ಸೆಮಿಸ್ಟರ್ ಒಮ್ಮೆ ಪ್ರಗತಿ ಹೇಳಬೇಕೆಂದು ನಿಯಮವೇ ಇದೆ. ಬಹಳ ಜನ ಅದನ್ನು ಪರೀಕ್ಷೆ ಅಂದುಕೊಂಡು ನಡುಗುತ್ತಾರೆ. ಗೈಡ್ ಅಲ್ಲದೆ ಇನ್ನೂ ಕೆಲವರು ನಿಮ್ಮ ಕೆಲಸ ನೋಡುವ ಜಾಗ ಅದು, ಬಳಸಿಕೊಳ್ಳಬೇಕು.

ಚಾಪ್ಟರ್‌ಗಳನ್ನು ಯಾವ ಕ್ರಮದಲ್ಲಿ ಬರೆದೆ ಅಂದರೆ, ಮೂರನೆಯದು ಮೊದಲು, ಆಮೇಲೆ ನಾಲ್ಕು, ಆಮೇಲೆ ಮೆಥಡಾಲಜಿ, ಕೊನೆಗೆ ಪೀಠಿಕೆ. ಲಿಟರೇಚರ್ ರಿವ್ಯೂ ಚೂರು ಚೂರಾಗಿ ಎಲ್ಲದರ ಜೊತೆ. ಏನು ಹೇಳುತ್ತೇನೆ ಅಂತ ಗೊತ್ತಿಲ್ಲದೆ ಪೀಠಿಕೆ ಬರೆಯಲು ಕೂರುವುದು ಶುದ್ಧ ಹಿಂಸೆ, ಆದರೂ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ಯಾಕೆಂದರೆ ಅದರ ತಲೆಯ ಮೇಲೆ ‘ಒಂದು’ ಅಂತ ಬರೆದಿದೆ.

ಸಮಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಸರಾ ರಜೆಯಲ್ಲಿ ಕೂತು ಬರೆದು ಮುಗಿಸುತ್ತೇನೆ ಅಂದುಕೊಂಡಷ್ಟೂ ದಸರಾ ಹತ್ತಿರ ಬಂದಾಗ ಹೊಟ್ಟೆಯಲ್ಲಿ ತಳಮಳ ಜಾಸ್ತಿ. ಕಾಲೇಜಿನಲ್ಲಿ ಮೊದಲ ಪೀರಿಯಡ್‌ಗಿಂತ ಮುಂಚೆ ಸ್ಟಾಫ್ ರೂಮ್ ಖಾಲಿ ಇರುವ ಸ್ವಲ್ಪ ಹೊತ್ತಿನಲ್ಲಿ ದಿನವೂ ಒಂದಿಷ್ಟು ಬರೆದದ್ದೇ ಕೈಗೆ ಹತ್ತಿತು. ಅವಧಿ ಮುಗಿಯುವ ಹೆದರಿಕೆ ಇರುವವರು, ಅದರಲ್ಲೂ ಹೆಣ್ಣುಮಕ್ಕಳು, ನಿಯಮ ತಿಳಿದುಕೊಂಡಿರಬೇಕು. 2022ರ ಯುಜಿಸಿ ನಿಯಮದಂತೆ ಪಿಎಚ್‌ಡಿಗೆ ಆರು ವರ್ಷ, ಮರುನೋಂದಣಿ ಮೂಲಕ ಇನ್ನೆರಡು ವರ್ಷ ಸಿಗುತ್ತದೆ. ಮಹಿಳೆಯರಿಗೆ ಮತ್ತು ಶೇಕಡಾ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆರಡು, ಒಟ್ಟು ಹತ್ತು ಮೀರುವ ಹಾಗಿಲ್ಲ. ಹೆರಿಗೆ ಅಥವಾ ಮಗುವಿನ ಆರೈಕೆಗೆ 240 ದಿನಗಳ ತನಕ ರಜೆಯೂ ಇದೆ. ಇದು ಗೊತ್ತಿಲ್ಲದೆ, ಮಗು ಆದ ಮೇಲೆ ‘ಇನ್ನು ಆಗಲ್ಲ’ ಅಂತ ಪಿಎಚ್‌ಡಿಯನ್ನೇ ಕೈಬಿಟ್ಟ ಒಬ್ಬರನ್ನು ಬಲ್ಲೆ.

ಶೋಧಗಂಗಾ ವೆಬ್‌ಸೈಟಿನ ಬಗ್ಗೆ ಒಂದು ಮಾತು. ದೇಶದ ವಿಶ್ವವಿದ್ಯಾಲಯಗಳ ಥೀಸಿಸ್‌ಗಳು ಅಲ್ಲಿ ಓದಲು ಸಿಗುತ್ತವೆ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಅದನ್ನು ನಡೆಸುತ್ತದೆ. ಅಲ್ಲಿಗೆ ಹೋಗಿ ಅತ್ಯುತ್ತಮ ಥೀಸಿಸ್ ಹುಡುಕಬೇಡಿ. ನಿಮ್ಮ ವಿಷಯದ ಹತ್ತಿರದ, ಪಾಸಾದ, ಸಾಮಾನ್ಯ ಥೀಸಿಸ್‌ಗಳನ್ನು ನಾಲ್ಕೈದು ತೆರೆದು ಕೊನೆಯ ಚಾಪ್ಟರ್ ಮಾತ್ರ ಓದಿ. ಪದವಿ ಕೊಡಿಸಿದ ಥೀಸಿಸ್ ಅಂದರೆ ನಿಜವಾಗಿ ಏನು ಅನ್ನುವ ಅಂದಾಜು ಸಿಗುತ್ತದೆ. ನನ್ನ ತಲೆಯಲ್ಲಿದ್ದ ಥೀಸಿಸ್ ಯಾವ ಗ್ರಂಥಾಲಯದಲ್ಲೂ ಇರಲಿಲ್ಲ.

ಇಷ್ಟೆಲ್ಲ ಹೇಳಿದ್ದು ಬರೆಯಲು ಕೂತಾಗ ಬರುವ ಅಳುಕಿನ ಬಗ್ಗೆ. ಅದು ಮೇಜು ಬಿಟ್ಟು ಎದ್ದ ಮೇಲೂ ಹಿಂದೆಯೇ ಬರುತ್ತಿದ್ದರೆ, ವಾರಗಟ್ಟಲೆ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಬದುಕುವುದೇ ಬೇಡ ಅನ್ನಿಸುತ್ತಿದ್ದರೆ, ಅಲ್ಲಿ ಕಚ್ಚಾ ಫೈಲೂ ಇಲ್ಲ ಶನಿವಾರದ ಗುಂಪೂ ಇಲ್ಲ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸೇ. ಬೆಂಗಳೂರಿನಲ್ಲಿ ‘ನಿಮ್ಹಾನ್ಸ್‌ಗೆ ಹೋಗು’ ಅನ್ನುವುದು ಬೈಗುಳದ ಹಾಗೆ ಚಾಲ್ತಿಯಲ್ಲಿದೆ, ಗೊತ್ತು. ಹೊಸೂರು ರಸ್ತೆಯ ಆಸ್ಪತ್ರೆಗೆ ಹೋಗಲು ಮುಜುಗರವಾದರೆ ಬಿಟಿಎಂ ಲೇಔಟ್‌ನಲ್ಲಿ ಅವರದೇ ವೆಲ್‌ಬೀಯಿಂಗ್ ಸೆಂಟರ್ ಇದೆ. ಗೆಳತಿಯೊಬ್ಬಳ ಜೊತೆ ನಾನೇ ಹೋಗಿದ್ದೆ. ಹೊರಗೆ ಕೂತು ಅವಳಿಗಾಗಿ ಕಾಯುವಾಗ ಪಕ್ಕದಲ್ಲಿ ಕೂತಿದ್ದವರೂ ಲ್ಯಾಪ್‌ಟಾಪ್ ಬ್ಯಾಗು ಹಿಡಿದುಕೊಂಡ ಹುಡುಗರೇ.

ಇಷ್ಟಾದರೂ ಒಂದು ಭಾಗಕ್ಕೆ ನನ್ನ ಯಾವ ಉಪಾಯವೂ ನಡೆಯಲಿಲ್ಲ: ಸಾರಾಂಶ. ಇಡೀ ಥೀಸಿಸ್ಸನ್ನು ಕೆಲವೇ ಪುಟಕ್ಕೆ ಇಳಿಸುವ ಕೆಲಸ. ಬಾಯಲ್ಲಿ ಹೇಳಿದರೆ ಉದ್ದವಾಗುತ್ತದೆ, ಗುಂಪಿನಲ್ಲಿ ಓದಿದರೆ ‘ಇದರಲ್ಲಿ ಆ ಅಜ್ಜಿ ಎಲ್ಲಿ ಹೋದ್ಲು’ ಅಂತ ಕೇಳುತ್ತಾರೆ. ಕೊನೆಗೆ ಗೈಡ್ ಮೇಡಂ ಮನೆಯಲ್ಲೇ, ಊಟದ ಟೇಬಲ್ಲಿನ ಮೇಲೆ, ಅವರು ‘ಇದು ಬೇಡ, ಇದು ಬೇಡ’ ಅನ್ನುತ್ತಾ ಹೋದರು, ನಾನು ಹೊಡೆದು ಹಾಕುತ್ತಾ ಹೋದೆ. ಅಷ್ಟೊತ್ತಿಗೆ ಅವರ ಎದುರು ಕೂತು ಅಡ್ಡಗೆರೆ ಎಳೆಯುವುದು ನನಗೆ ಕಷ್ಟವೇ ಅನ್ನಿಸಲಿಲ್ಲ.

ಪುಟಸಂಖ್ಯೆ, ಮಾರ್ಜಿನ್, ಪರಿವಿಡಿ, ಬೈಂಡಿಂಗ್ ಇವನ್ನೆಲ್ಲ ವಿಶ್ವವಿದ್ಯಾಲಯದ ಹತ್ತಿರದ ಡಿಟಿಪಿ ಅಂಗಡಿಯವರಿಗೆ ಕೊಟ್ಟುಬಿಡಿ. ದುಡ್ಡು ತಗೋತಾರೆ, ತಗೊಳ್ಳಲಿ. ಆ ಕೆಲಸ ಎಷ್ಟು ಆಕರ್ಷಕ ಅಂತ ನನಗೆ ಗೊತ್ತು. ಕೊನೆಯ ಚಾಪ್ಟರ್ ಬಾಕಿ ಇರುವಾಗ ಟೇಬಲ್ಲಿನ ಗೆರೆ ಸರಿ ಮಾಡಲು ಕೂತಿರಿ ಅಂದರೆ ಆ ತಿಂಗಳು ಹೋದ ಹಾಗೇ.